ಲೆಕ್ಕಕ್ಕಿಲ್ಲದ ಹನ್ನೊಂದು

ಮಗುವಿಗೆ ಬುದ್ಧಿ ಇಲ್ಲ ಎಂದು ಬರೆದ ಕಾಗದಕ್ಕೆ ನನ್ನ ತಂಗಿಯ ಹೆಬ್ಬೆರಳು ಒತ್ತಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೇರೆಯವರನ್ನು ಆಮೇಲೆ ಬೈಯಿರಿ.

ನಾನು ಶಾಲೆಯ ಆಯಾ. ಗಂಟೆ ಹೊಡೆಯುವುದು, ಕಸ ಗುಡಿಸುವುದು, ನೀರು ತುಂಬುವುದು, ಕಕ್ಕಸು ತೊಳೆಯುವುದು, ಫೈಲು ಹೊರುವುದು, ಚಹಾ ತರುವುದು. ಹತ್ತೊಂಬತ್ತು ವರ್ಷ ಇದನ್ನೇ ಮಾಡಿದೆ. ನನ್ನ ತಂಗಿ ಆಸ್ಪತ್ರೆಯ ಹಿಂಬದಿಯ ಒಗೆಯುವ ಮನೆಯಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿ ಯಂತ್ರವಿದೆ. ಆದರೆ ರಕ್ತ, ಕೀವು, ಹೇಲು ಹತ್ತಿದ ಹಾಸಿಗೆ ಬಟ್ಟೆಯನ್ನು ಯಂತ್ರಕ್ಕೆ ಹಾಕುವ ಮೊದಲು ತೊಟ್ಟಿಯಲ್ಲಿ ಕೈಯಿಂದಲೇ ತಿಕ್ಕಬೇಕು. ಸೋಡಾ ಕಲಸಿದ ಬಿಸಿನೀರು. ಅವಳ ಬೆರಳುಗಳ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಗಂಡ ಸತ್ತು ಆರು ವರ್ಷ. ಒಬ್ಬಳೇ ಮಗಳು. ಹನ್ನೆರಡು ವರ್ಷದ ಆ ಹುಡುಗಿಯನ್ನು ನಾವು ಕಡ್ಡಿ ಎಂದು ಕರೆಯುತ್ತಿದ್ದೆವು. ಮೈ ಕಡ್ಡಿಯ ಹಾಗೆ, ಮಾತು ಕಡ್ಡಿ ಮುರಿದ ಹಾಗೆ.

ಕಡ್ಡಿ ನಮ್ಮ ಶಾಲೆಯಲ್ಲೇ ಆರನೇ ತರಗತಿ. ಹಿಂದಿನ ಬೆಂಚು. ಅವಳ ಬಟ್ಟೆಯಿಂದ ಆಸ್ಪತ್ರೆ ವಾಸನೆ ಬರುತ್ತದೆ ಎಂದು ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ. ಎಲ್ಲರ ನೋಟ್‌ಬುಕ್ಕು ತಿದ್ದುವ ಮೇಷ್ಟ್ರು ಅವಳದನ್ನು ಮುಟ್ಟುತ್ತಿರಲಿಲ್ಲ. ಮೇಜಿನ ಮೇಲೆ ತೆರೆದಿಟ್ಟು ಹೋಗು ಎನ್ನುತ್ತಿದ್ದರು. ಆಮೇಲೆ ಕೋಲಿನ ತುದಿಯಿಂದ ಮುಚ್ಚುತ್ತಿದ್ದರು. ನಾಲ್ಕು ವರ್ಷ ಯಾರೂ ತಿದ್ದದ ನೋಟ್‌ಬುಕ್ಕಿನಲ್ಲಿ ತಪ್ಪಿನ ಮೇಲೆ ತಪ್ಪು ಬೆಳೆಯಿತು. ನೂರಕ್ಕೆ ಇಪ್ಪತ್ತೆಂಟು ಬಂತು. ಹಿಂದುಳಿದವಳು ಎಂದರು. ಹಿಂದೆ ಕೂರಿಸಿದವರು ಯಾರು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಆ ವರ್ಷ ಮೇಲಿನ ಕಚೇರಿಯಿಂದ ಹೊಸ ಯೋಜನೆ ಬಂತು. ಹೆಸರು ಆಸರೆ. ಬಡ ಮನೆಯ ಮಕ್ಕಳ ಸರಾಸರಿ ಅಂಕ ಎಷ್ಟು, ಉಳಿದ ಮಕ್ಕಳದು ಎಷ್ಟು, ನಡುವೆ ಇರುವ ಅಂತರ ಎಷ್ಟು ಎಂದು ಪ್ರತಿ ಶಾಲೆಯೂ ತೋರಿಸಬೇಕು, ಅದನ್ನು ಇಳಿಸಬೇಕು. ಅದಕ್ಕಾಗಿ ಒಬ್ಬ ಟೀಚರು, ಒಂದಿಷ್ಟು ಪುಸ್ತಕ, ಮಕ್ಕಳಿಗೆ ಶೂ ಕೊಟ್ಟರು. ಕಚೇರಿ ಬಾಗಿಲ ಪಕ್ಕ ಒಂದು ಕರಿಹಲಗೆ ತೂಗುಹಾಕಿದರು. ಗುಮಾಸ್ತ ಅದರ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದ: ಅಂತರ 24. ಅದು ಹತ್ತರ ಒಳಗೆ ಬಂದರೆ ಶಾಲೆಗೆ ಫಲಕ, ದೊಡ್ಡ ಮೇಡಂಗೆ ಬಡ್ತಿ. ದೊಡ್ಡ ಮೇಡಂ ಎಂದರೆ ನಮ್ಮ ಮುಖ್ಯೋಪಾಧ್ಯಾಯಿನಿ. ಶಾಲೆಯಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು.

ಬಡ ಮನೆಯ ಮಕ್ಕಳಲ್ಲಿ ತೀರಾ ಕಡಿಮೆ ಅಂಕದ ಹನ್ನೊಂದು ಮಂದಿಯನ್ನು ಆರಿಸಿದರು, ಕಡ್ಡಿಯೂ ಒಬ್ಬಳು. ಕಕ್ಕಸಿನ ಪಕ್ಕದಲ್ಲಿ ಮುರಿದ ಬೆಂಚು ತುಂಬಿದ್ದ ಕೋಣೆಯೊಂದಿತ್ತು. ಬೆಂಚು ಹೊರಗೆ ಹಾಕಿ, ಇಲಿ ಹಿಕ್ಕೆ ಗುಡಿಸಿ, ನೆಲ ಒರೆಸಿದೆ. ಅದೇ ಆಸರೆ ಕೋಣೆ. ಬೇರೆ ಮಕ್ಕಳು ಆ ಹನ್ನೊಂದು ಮಂದಿಯನ್ನು ಕಕ್ಕಸು ಕ್ಲಾಸಿನವರು ಎಂದರು.

ಬಂದ ಟೀಚರು ಚಿಕ್ಕ ವಯಸ್ಸಿನವಳು. ಗುತ್ತಿಗೆ ಕೆಲಸ. ಮೊದಲ ದಿನವೇ ಹನ್ನೊಂದು ನೋಟ್‌ಬುಕ್ಕನ್ನೂ ಕೈಯಲ್ಲಿ ಹಿಡಿದು, ಹಾಳೆ ತಿರುಗಿಸಿ, ಕೆಂಪು ಪೆನ್ನಿನಲ್ಲಿ ತಿದ್ದಿದಳು. ಅವತ್ತು ಕಡ್ಡಿ ಮನೆಗೆ ಬಂದು ಅಮ್ಮನಿಗೆ ಆ ಕೆಂಪು ಗೆರೆಗಳನ್ನು ತೋರಿಸಿದ ಪರಿಯನ್ನು ನಾನು ನೋಡಿದ್ದೇನೆ. ಮೈತುಂಬ ಒಡವೆ ಬಂದವಳ ಹಾಗೆ.

ಭಿನ್ನರಾಶಿ ಯಾರ ತಲೆಗೂ ಹತ್ತಲಿಲ್ಲ. ಕಡ್ಡಿ ಮರುದಿನ ಅಮ್ಮನಿಂದ ಹರಿದ ಹಾಸಿಗೆ ಬಟ್ಟೆಯೊಂದನ್ನು ತಂದಳು. ಒಗೆಯುವ ಮನೆಯಲ್ಲಿ ಬಟ್ಟೆ ಮಡಿಸಲು ಅಮ್ಮನಿಗೆ ಕೈಜೋಡಿಸಿ ಅವಳಿಗೆ ಅಭ್ಯಾಸ. ಅರ್ಧ ಮಡಿಸಿದಳು, ಕಾಲು ಮಡಿಸಿದಳು, ಅರೆಕಾಲು ಮಡಿಸಿದಳು. ಬಿಡಿಸಿ ಮಡಿಕೆಯ ಗೆರೆ ಎಣಿಸಿ ತೋರಿಸಿದಳು. ಟೀಚರು ಉಳಿದ ಹತ್ತು ಮಕ್ಕಳಿಗೂ ಅದೇ ಬಟ್ಟೆ ಕೊಟ್ಟು ಮಡಿಸಿ ಎಂದಳು. ನೆಲ ಒರೆಸುತ್ತಿದ್ದ ನನಗೂ ಅವತ್ತು ಭಿನ್ನರಾಶಿ ಅರ್ಥವಾಯಿತು.

ಮೂರು ತಿಂಗಳು ಪಾಠ ನಡೆಯಿತು. ನಡುವಿನ ಪರೀಕ್ಷೆಯಾಯಿತು. ನಾನು ಹಲಗೆ ಒರೆಸಿದೆ, ಗುಮಾಸ್ತ ಬರೆದ: ಅಂತರ 21.

ದೊಡ್ಡ ಮೇಡಂ ಟೀಚರನ್ನು ಕರೆಸಿದರು. ನಾನು ಚಹಾ ಇಡುತ್ತಿದ್ದೆ. ಮೂರು ತಿಂಗಳಿಗೆ ಮೂರೇನಾ ಎಂದು ಕೇಳಿದರು. ಈ ಮಕ್ಕಳು ನಾಲ್ಕು ವರ್ಷ ಹಿಂದೆ ಬಿದ್ದಿದ್ದಾರೆ, ಎರಡು ವರ್ಷ ಕೊಡಿ, ಎಲ್ಲರನ್ನೂ ಮೇಲೆ ತರುತ್ತೇನೆ ಎಂದಳು ಟೀಚರು.

"ಎರಡು ವರ್ಷ ಆದ್ಮೇಲೆ ಈ ಕುರ್ಚಿಲಿ ನಾನಿರಲ್ಲಮ್ಮ" ಎಂದರು ಮೇಡಂ. "ಮಕ್ಕಳು ಮೇಲೆ ಬರೋದು ನನಗೆ ಬೇಡ. ನಂಬರು ಕೆಳಗೆ ಬರ್ಬೇಕು."

ಮರುದಿನದಿಂದ ಟೀಚರಿಗೆ ಕಚೇರಿಯಲ್ಲಿ ಕೆಲಸ. ಆಸರೆ ಯೋಜನೆ ನಮ್ಮ ಶಾಲೆಯಲ್ಲಿ ಎಷ್ಟು ಚೆನ್ನಾಗಿ ನಡೆದಿದೆ ಎಂದು ವರದಿ ಬರೆಯಬೇಕು, ಫೋಟೋ ಅಂಟಿಸಬೇಕು. ಯೋಜನೆ ನಡೆಸಬೇಕಾದವಳು ಯೋಜನೆಯ ವರದಿ ಬರೆಯುತ್ತಾ ಕೂತಳು. ಹನ್ನೊಂದು ಮಕ್ಕಳಿಗೆ ಕೆಲಸ ಹಚ್ಚುವ ಜವಾಬ್ದಾರಿ ನನ್ನ ಮೇಲೆ ಬಂತು. ಬೆಂಚು ಹೊತ್ತರು. ಅಂಗಳದ ಹುಲ್ಲು ಕಿತ್ತರು. ನೀರಿನ ತೊಟ್ಟಿಯೊಳಗೆ ಇಳಿದು ಪಾಚಿ ಕೆರೆದರು. ವರದಿಯಲ್ಲಿ ಅದಕ್ಕೆ ಬದುಕಿನ ಕೌಶಲ ಎಂದು ಹೆಸರು.

ಕಕ್ಕಸು ತೊಳೆಯುವ ಪೊರಕೆಯನ್ನು ಕಡ್ಡಿಯ ಕೈಗೆ ಕೊಟ್ಟವಳು ನಾನೇ. ನನಗೆ ಸೊಂಟ ಹಿಡಿದಿತ್ತು. ಬೇರೆ ಮಕ್ಕಳಿಗೆ ಕೊಟ್ಟರೆ ಅವರ ಅಪ್ಪ ಅಮ್ಮ ಬಂದು ಜಗಳ ತೆಗೆದಾರು ಎಂಬ ಹೆದರಿಕೆಯೂ ಇತ್ತು. ನಮ್ಮ ಹುಡುಗಿಯಾದರೆ ಯಾರು ಕೇಳುತ್ತಾರೆ?

ಅವಳು ಪೊರಕೆ ಹಿಡಿದು ನನ್ನ ಮುಖ ನೋಡಿದಳು. "ದೊಡ್ಡಮ್ಮ, ಇದು ಯಾವ ಪೀರಿಯಡ್ಡು? ಗಣಿತನಾ, ವಿಜ್ಞಾನನಾ?"

ಬಾಯಿ ಮುಚ್ಚಿಕೊಂಡು ತೊಳೆ ಎಂದೆ. ತೊಳೆದಳು. ಏಳನೇ ತರಗತಿಯ ದೊಡ್ಡ ಮಕ್ಕಳು ಅವಳು ತೊಳೆದು ಮುಗಿಸಿದ ಕೂಡಲೇ ಬೇಕೆಂದೇ ಹೊಲಸು ಮಾಡಿ ನಗುತ್ತಾ ಓಡಿದರು. ಮತ್ತೆ ತೊಳೆದಳು.

ವಾರ್ಷಿಕ ಪರೀಕ್ಷೆಗೆ ಎರಡು ತಿಂಗಳಿತ್ತು. ನಿಯಮದ ಪುಸ್ತಕದಲ್ಲಿ ಗುಮಾಸ್ತನಿಗೆ ಒಂದು ಸಾಲು ಸಿಕ್ಕಿತು. ಬುದ್ಧಿಮಾಂದ್ಯ ಎಂದು ವೈದ್ಯರು ಬರೆದುಕೊಟ್ಟ, ಪೋಷಕರು ಒಪ್ಪಿದ ಮಕ್ಕಳನ್ನು ಸರಾಸರಿಯ ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ದೊಡ್ಡ ಮೇಡಂ ಆ ಸಾಲನ್ನು ಎರಡು ಸಲ ಓದಿಸಿದರು.

ವೈದ್ಯರು ಬಂದರು. ಹನ್ನೊಂದು ಮಕ್ಕಳನ್ನು ಮುಕ್ಕಾಲು ಗಂಟೆಯಲ್ಲಿ ಮುಗಿಸಿದರು. ನಾನೇ ಒಬ್ಬೊಬ್ಬರನ್ನು ಒಳಗೆ ಬಿಟ್ಟೆ. ಕಡ್ಡಿಗೆ ಪೆನ್ನು ತೋರಿಸಿ ಇದೇನು ಎಂದು ಕೇಳಿದರು.

"ಪೆನ್ನು" ಎಂದಳು. "ಯಾಕೆ, ನಿಮಗೆ ಗೊತ್ತಿಲ್ವಾ?"

ವೈದ್ಯರು ತಲೆ ಎತ್ತದೆ ಬರೆದರು. ನಡತೆ ಸರಿಯಿಲ್ಲ, ಗ್ರಹಿಕೆ ಕಡಿಮೆ.

ತಾಯಂದಿರ ಹೆಬ್ಬೆರಳು ತರಿಸುವ ಕೆಲಸ ನನ್ನದಾಯಿತು. ಶೂ ಕೊಡಲಿಕ್ಕೆ ಎಂದು ಹೇಳು ಎಂದ ಗುಮಾಸ್ತ. ನನಗೆ ಗೊತ್ತಿರಲಿಲ್ಲ ಎಂದು ಹೇಳಲಾರೆ. ಅರ್ಧ ಗೊತ್ತಿತ್ತು. ಉಳಿದರ್ಧ ಕೇಳಬಾರದು ಎಂಬುದೂ ಗೊತ್ತಿತ್ತು.

ತಂಗಿ ಕೆಲಸದ ನಡುವೆ ಓಡಿ ಬಂದಳು. ಮೊಣಕಾಲಿನವರೆಗೆ ಬಟ್ಟೆ ಒದ್ದೆ. ದೊಡ್ಡ ಮೇಡಂ ಕರವಸ್ತ್ರ ಮೂಗಿಗೆ ಹಿಡಿದು, ಬಾಗಿಲಲ್ಲೇ ನಿಲ್ಲಿಸಿ ಒತ್ತಿಸು ಎಂದರು. ಗುಮಾಸ್ತ ಅವಳ ಬೆರಳು ಹಿಡಿದು ಮಸಿಗೆ ಅದ್ದಿ ಒತ್ತಿದ. ಬರೀ ಕಪ್ಪು ಮಚ್ಚೆ ಬಂತು. ಇನ್ನೊಮ್ಮೆ ಒತ್ತಿದ. ಮೂರನೇ ಸಲ ಉಗುರಿನ ಮೇಲೆ ತನ್ನ ಹೆಬ್ಬೆರಳಿಟ್ಟು ಅದುಮಿದ. ತಂಗಿ ನೋವಿಗೆ ತುಟಿ ಕಚ್ಚಿದಳು.

"ಇವಳ ಬೆರಳಲ್ಲಿ ಗೆರೆನೇ ಇಲ್ಲ ಮೇಡಂ" ಎಂದು ನಕ್ಕ. "ಸೋಡಾ ತಿಂದುಬಿಟ್ಟಿದೆ."

"ಅಕ್ಕ, ಇದೇನಕ್ಕೆ?" ಎಂದು ತಂಗಿ ನನ್ನನ್ನು ಕೇಳಿದಳು.

"ಶೂಗೆ" ಎಂದೆ.

ಶೂ ಕೊಟ್ಟರು, ನಿಜ. ಕಡ್ಡಿಯ ಪಾದಕ್ಕಿಂತ ಎರಡು ಬೆರಳು ದೊಡ್ಡದು.

ಪರೀಕ್ಷೆಯ ಬೆಳಿಗ್ಗೆ ಕೋಣೆಯ ಬಾಗಿಲಿಗೆ ಪಟ್ಟಿ ಅಂಟಿಸಿದ್ದರು. ಯಾರು ಎಲ್ಲಿ ಕೂರಬೇಕು ಎಂಬ ಪಟ್ಟಿ. ಕೆಳಗೆ ಸಣ್ಣ ಅಕ್ಷರದಲ್ಲಿ ಹನ್ನೊಂದು ಹೆಸರು, ಪಕ್ಕದಲ್ಲಿ: ಬುದ್ಧಿಮಾಂದ್ಯ, ಪೋಷಕರು ಒಪ್ಪಿದ್ದಾರೆ, ಪರೀಕ್ಷೆ ಇಲ್ಲ. ಉಳಿದ ಹತ್ತು ಮಕ್ಕಳು ಪರೀಕ್ಷೆ ಇಲ್ಲ ಎಂದು ಖುಷಿಯಿಂದ ಮನೆಗೆ ಓಡಿದರು. ಕಡ್ಡಿ ಪಟ್ಟಿಯನ್ನು ಪೂರ್ತಿ ಓದಿದಳು. ಒಳಗೆ ಹೋಗಿ ಮೊದಲ ಸಾಲಿನ ಬೆಂಚಿನ ಪಕ್ಕ ನೆಲದ ಮೇಲೆ ಕೂತಳು. ಎದ್ದೇಳು ಎಂದರು, ಏಳಲಿಲ್ಲ. ಪ್ರಶ್ನೆಪತ್ರಿಕೆ ಕೊಡಿ ಎಂದಳು, ಅಷ್ಟೇ.

"ನಿಮ್ಮ ಹುಡುಗಿ ತಾನೇ? ಎಳ್ಕೊಂಡು ಹೋಗು" ಎಂದರು ದೊಡ್ಡ ಮೇಡಂ.

ನಾನು ಎಳೆದೆ. ಅವಳು ಎರಡೂ ಕೈಯಿಂದ ಬೆಂಚಿನ ಕಾಲು ತಬ್ಬಿ ಹಿಡಿದಳು. ನಾನು ತೋಳು ಹಿಡಿದು ಜಗ್ಗಿದೆ. ಅಂಗಿಯ ತೋಳು ಹೆಗಲಿನವರೆಗೆ ಹರಿಯಿತು. ಬೆಂಚು ಅವಳ ಜೊತೆಗೇ ಕಿರ್ರೆಂದು ಜರುಗಿತು. ಬೆಂಚಿನ ಮೇಲಿದ್ದ ಮಕ್ಕಳು ಶಾಯಿ ಚೆಲ್ಲೀತು ಎಂದು ಕಾಗದ ಎತ್ತಿ ಹಿಡಿದರು. ಅವಳು ಅಳಲಿಲ್ಲ, ಕೂಗಲಿಲ್ಲ. ಹಲ್ಲು ಕಚ್ಚಿ ಹಿಡಿದಿದ್ದಳು. ನನ್ನ ಉಗುರು ಅವಳ ತೋಳಿನಲ್ಲಿ ನಾಲ್ಕು ಗೀರು ಎಬ್ಬಿಸಿತ್ತು.

ತಾಯಿಯನ್ನು ಕರೆಸಿದರು. ಎರಡು ಏಟು ಹಾಕಿ ಕರೆದುಕೊಂಡು ಹೋಗುತ್ತಾಳೆ ಎಂದು ಎಲ್ಲರೂ ಕಾದರು. ತಂಗಿ ಬಂದಳು. ಏನಾಯಿತು ಎಂದು ಮಗಳನ್ನೇ ಕೇಳಿದಳು.

"ನಂಗೆ ಬುದ್ಧಿ ಇಲ್ವಂತೆ ಅಮ್ಮ" ಎಂದಳು ಕಡ್ಡಿ. "ಬಾಗಿಲಿಗೆ ಬರೆದು ಅಂಟಿಸಿದಾರೆ. ನೀನು ಒಪ್ಪಿ ಹೆಬ್ಬೆಟ್ಟು ಹಾಕಿದೀಯಂತೆ."

ತಂಗಿ ನನ್ನ ಕಡೆ ತಿರುಗಿದಳು. ನನ್ನ ಮುಖದಲ್ಲಿ ಅವಳಿಗೆ ಬೇಕಾದ ಉತ್ತರ ಇತ್ತು. ಅವಳು ಬೈಯಲಿಲ್ಲ. ಹೊಡೆದಿದ್ದರೆ ಒಳ್ಳೆಯದಿತ್ತು. ಮಗಳ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಒದ್ದೆ ಬಟ್ಟೆಯಿಂದ ನೀರಿಳಿದು ನೆಲದಲ್ಲಿ ಹರಡಿತು.

"ಕಾಗದ ಕೊಡಿ ಮೇಡಂ" ಎಂದಳು. "ಅವಳು ಬರೀಲಿ. ಬುದ್ಧಿ ಇಲ್ದಿದ್ರೆ ಬರೆಯಲ್ಲ ತಾನೇ? ನೋಡೇಬಿಡೋಣ."

ಅಷ್ಟರಲ್ಲಿ ಮೇಲಿನ ಕಚೇರಿಯವರ ಕಾರು ಗೇಟಿಗೆ ಬಂದಿತ್ತು. ಇಬ್ಬರು ನೆಲದ ಮೇಲೆ ಕೂತಿರುವುದನ್ನು ಅವರು ನೋಡಬಾರದು. ಮೇಡಂ ಕಣ್ಣಲ್ಲೇ ಸನ್ನೆ ಮಾಡಿದರು. ಹುಡುಗಿಯನ್ನು ಮೂಲೆಯ ಬೆಂಚಿಗೆ ಕೂರಿಸಿ ಕಾಗದ ಕೊಟ್ಟರು. ತಂಗಿ ಬಾಗಿಲ ಹೊರಗೆ ಎರಡೂವರೆ ಗಂಟೆ ನಿಂತಳು. ಹರಿದ ತೋಳಿನ ಅಂಗಿಯಲ್ಲಿ ಕಡ್ಡಿ ತಲೆ ಎತ್ತದೆ ಬರೆದಳು.

ಆ ಉತ್ತರಪತ್ರಿಕೆ ಉಳಿದವುಗಳ ಜೊತೆ ಹೋಗಲಿಲ್ಲ. ಗುಮಾಸ್ತನ ಕೆಳಗಿನ ಡ್ರಾಯರಿಗೆ ಹೋಯಿತು. ಪಟ್ಟಿಯಲ್ಲಿ ಗೈರು ಎಂದು ಬರೆದರು. ನಾಲ್ಕನೇ ದಿನ ಮಧ್ಯಾಹ್ನ ಕಚೇರಿ ಖಾಲಿಯಿದ್ದಾಗ ಆಸರೆ ಟೀಚರು ಅದನ್ನು ತೆಗೆದು ತಿದ್ದಿದಳು. ನಾನು ಕಪ್ಪು ತೊಳೆಯಲು ಹೋಗಿದ್ದೆ. ಅರವತ್ತಮೂರು ಎಂದು ನನಗೆ ಮೆಲ್ಲಗೆ ಹೇಳಿದಳು. ಅವಳ ಕಣ್ಣಲ್ಲಿ ನೀರಿತ್ತು. ಅದನ್ನು ಒಂದು ಕಾಗದದಲ್ಲಿ ಬರೆದು ಸಹಿ ಹಾಕಿಕೊಡಿ, ನನ್ನ ತಂಗಿಗೆ ಸಾಕು ಎಂದೆ.

"ಆಯಾ, ನನ್ನ ಗುತ್ತಿಗೆ ಮುಗಿಯೋಕೆ ಆರು ದಿನ ಇದೆ" ಎಂದಳು. "ಮುಂದುವರಿಸ್ತೀನಿ ಅಂದಿದಾರೆ. ಮನೇಲಿ ನನ್ನೊಬ್ಬಳದೇ ದುಡಿಮೆ."

ಉತ್ತರಪತ್ರಿಕೆಯನ್ನು ನಾಲ್ಕು ತುಂಡು ಮಾಡಿ ನನ್ನ ಕೈಗಿಟ್ಟಳು. ಹಿತ್ತಲಲ್ಲಿ ಕಸ ಸುಡುವ ಜಾಗಕ್ಕೆ ಒಯ್ದು ಹಾಕಿದೆ. ಬೆಂಕಿ ಹಚ್ಚಿದೆ. ಅವಳು ಕಣ್ಣೀರು ಒರೆಸಿಕೊಂಡಳು, ನಾನು ಬೂದಿ ಗುಡಿಸಿದೆ.

ಹಲಗೆ ಒರೆಸಿ ಕೊಟ್ಟೆ. ಗುಮಾಸ್ತ ಬರೆದ: ಅಂತರ 8. ಕಡ್ಡಿಯ ಅರವತ್ತಮೂರನ್ನು ಸೇರಿಸಿಕೊಂಡಿದ್ದರೂ ಆ ಎಂಟು ಎಂಟಾಗಿಯೇ ಇರುತ್ತಿತ್ತು. ಟೀಚರೇ ಲೆಕ್ಕ ಹಾಕಿ ಹೇಳಿದ್ದಳು. ಶಾಲೆಗೆ ಫಲಕ ಬಂತು. ಅದರ ಧೂಳು ಒರೆಸುವ ಕೆಲಸ ನನಗೆ ಬಂತು.

ತಂಗಿ ಉಳಿದ ಹತ್ತು ಮನೆಗಳಿಗೆ ಹೋದಳು. ಏಳು ಮನೆಯವರು ಬಾಗಿಲಲ್ಲೇ ಕಳಿಸಿದರು. ಒಬ್ಬಳು, ಹಂಗಾದ್ರೆ ಶೂ ವಾಪಸ್ ಕೇಳ್ತಾರಾ ಎಂದು ಗಾಬರಿಯಾದಳಂತೆ. ಇನ್ನಿಬ್ಬರು ಬರುತ್ತೇವೆ ಎಂದವರು ಬರಲಿಲ್ಲ. ತಂಗಿ ಒಬ್ಬಳೇ ಕಚೇರಿಗೆ ಬಂದು ಬುದ್ಧಿಮಾಂದ್ಯ ಎಂಬ ಮಾತು ಅಳಿಸಿ ಎಂದು ಕೇಳಿದಳು. ದೊಡ್ಡ ಮೇಡಂ ಕಾಗದ ತೆಗೆದು ಅವಳ ಮುಖಕ್ಕೆ ಹಿಡಿದರು. ನಿನ್ನದೇ ಹೆಬ್ಬೆರಳು ಎಂದರು. ಇದು ನನ್ನ ಬೆರಳಲ್ಲ, ನಿಮ್ಮ ಮಸಿ ಎಂದಳು ತಂಗಿ. ಮೂರು ದಿನ ಬಂದು ಅದನ್ನೇ ಹೇಳಿದಳು. ನಾಲ್ಕನೇ ದಿನ ಅವಳ ಕೈಗೆ ಮಗಳ ವರ್ಗಾವಣೆ ಪತ್ರ ಕೊಟ್ಟರು. ಅದರ ಮೇಲೆ ಕೆಂಪು ಶಾಯಿಯಲ್ಲಿ ಆ ಪದ ಇತ್ತು.

ಅವಳು ಮೂರು ಶಾಲೆ ಸುತ್ತಿದಳು. ಮೊದಲ ಎರಡರಲ್ಲಿ ಜಾಗ ಇಲ್ಲ ಎಂದರು. ಮೂರನೆಯ ಕಡೆ ಒಬ್ಬರು ನಿಜ ಹೇಳಿದರು. ಇವಳನ್ನು ಸೇರಿಸಿಕೊಂಡರೆ ನಮ್ಮ ಅಂತರ ಏನಾಗಬೇಕಮ್ಮ ಎಂದರು.

ಪರೀಕ್ಷೆಯ ದಿನ ಹೇಳದೆ ಓಡಿಬಂದಳೆಂದು ಒಗೆಯುವ ಮನೆಯ ಮೇಸ್ತ್ರಿ ತಂಗಿಗೆ ಆಪರೇಷನ್ ಕೋಣೆಯ ಬಟ್ಟೆ ತಿಕ್ಕುವ ಕೆಲಸ ಹಚ್ಚಿದ್ದ. ಬೇರೆ ಯಾರಿಗೂ ಬೇಡವಾದ ಬಟ್ಟೆ. ತಂಗಿ ಅದೇ ಇರಲಿ, ಆದರೆ ಮಧ್ಯಾಹ್ನದ ಪಾಳಿ ಕೊಡಿ ಎಂದು ಕೇಳಿಕೊಂಡಳು. ಯಾಕೆಂದು ನನಗೆ ಶಾಲೆ ಶುರುವಾದ ದಿನ ತಿಳಿಯಿತು.

ಏಳನೇ ತರಗತಿ ಬೀದಿ ಬದಿಯಲ್ಲಿದೆ. ಆರು ಕಿಟಕಿಗಳು ಬೀದಿಗೆ ತೆರೆಯುತ್ತವೆ. ಆ ಬೆಳಿಗ್ಗೆ ಕಡ್ಡಿ ಕಿಟಕಿಯ ಕೆಳಗೆ ಚರಂಡಿಯ ಅಂಚಿನಲ್ಲಿ ನೋಟ್‌ಬುಕ್ಕು ಬಿಡಿಸಿ ಕೂತಿದ್ದಳು. ತಂಗಿ ಪಕ್ಕದಲ್ಲಿ ನಿಂತಿದ್ದಳು. ಬೀದಿ ಶಾಲೆಯದಲ್ಲ, ಎಬ್ಬಿಸಲು ಯಾರಿಗೂ ಹಕ್ಕಿಲ್ಲ. ವಾರವಿಡೀ ಹಾಗೇ ಬಂದರು. ಒಂದು ದಿನ ಮೇಷ್ಟ್ರು ಒಳಗಿನ ಮಕ್ಕಳಿಗೆ ಲೆಕ್ಕ ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಉತ್ತರ ಕಿಟಕಿಯ ಹೊರಗಿನಿಂದ ಬಂತು. ಮಕ್ಕಳು ನಕ್ಕರು. ಉತ್ತರ ಸರಿಯಿತ್ತು.

ಕಿಟಕಿ ಮುಚ್ಚು ಎಂದು ನನಗೆ ಹೇಳಿದರು.

ಮಳೆ ತಡವಾಗಿತ್ತು, ಇನ್ನೂ ಬಿರು ಬೇಸಿಗೆ. ಮೇಲೆ ತಗಡಿನ ಚಾವಣಿ. ನಲವತ್ತು ಮಕ್ಕಳನ್ನು ಒಳಗಿಟ್ಟು ಆರೂ ಕಿಟಕಿಗಳನ್ನು ಮುಚ್ಚಿ ಚಿಲಕ ಹಾಕಿದೆ. ಹೊರಗಿನ ಒಂದು ಮಗುವಿಗೆ ಕೇಳಬಾರದೆಂದು ಒಳಗಿನ ನಲವತ್ತು ಮಕ್ಕಳನ್ನು ಬೇಯಿಸಿದರು. ಎರಡನೇ ದಿನ ಒಂದು ಮಗು ವಾಂತಿ ಮಾಡಿಕೊಂಡಿತು. ಅದನ್ನೂ ನಾನೇ ಒರೆಸಿದೆ.

ಮುಚ್ಚಿದ ಕೂಡಲೇ ಹೊರಗಿನಿಂದ ಬಡಿತ. ತಂಗಿಯ ಅಂಗೈ. ಬಡಿದು, "ಮೇಷ್ಟ್ರೇ, ಕೇಳಿಸ್ತಾ ಇಲ್ಲ. ಸ್ವಲ್ಪ ಜೋರಾಗಿ ಹೇಳಿ" ಎನ್ನುತ್ತಿದ್ದಳು. ದಿನಾ ಅದೇ ಮಾತು. ಸಿಟ್ಟಿಲ್ಲ, ಬೇಡಿಕೆಯಿಲ್ಲ. ಅಂಗಡಿಯಲ್ಲಿ ಏನೋ ಕೇಳುವ ಹಾಗೆ. ಮೇಷ್ಟ್ರು ದನಿ ಇನ್ನೂ ತಗ್ಗಿಸುತ್ತಿದ್ದರು. ಮುಂದಿನ ಸಾಲಿನ ಮಕ್ಕಳಿಗೂ ಕೇಳಿಸುತ್ತಿರಲಿಲ್ಲ.

ಪರೀಕ್ಷೆಯ ದಿನದಿಂದ ತಂಗಿ ನನ್ನೊಂದಿಗೆ ಮಾತು ಬಿಟ್ಟಿದ್ದಳು. ಒಂದೇ ಗೋಡೆಯ ಆಚೀಚೆ ನಮ್ಮ ಮನೆ. ನಾನು ಕೊಟ್ಟು ಕಳಿಸಿದ ಪಾತ್ರೆ ಮುಚ್ಚಳ ತೆಗೆಯದೆ ಹಿಂದಕ್ಕೆ ಬರುತ್ತಿತ್ತು.

ಹದಿನಾಲ್ಕನೇ ದಿನ ಐದು ಕಿಟಕಿ ಮುಚ್ಚಿ ಆರನೆಯದಕ್ಕೆ ಕೈ ಹಾಕಿದೆ. ಕಡ್ಡಿ ಕೆಳಗಿನಿಂದ ನನ್ನನ್ನು ನೋಡುತ್ತಿದ್ದಳು. ತೋಳಿನ ಮೇಲೆ ನಾಲ್ಕು ಗೀರುಗಳ ಬಿಳಿ ಕಲೆ. ತೊಡೆಯ ಮೇಲಿನ ನೋಟ್‌ಬುಕ್ಕಿನಲ್ಲಿ ಅರ್ಧ ಬರೆದು ನಿಂತ ವಾಕ್ಯಗಳು. ಕೇಳಿಸಿದಷ್ಟು ಬರೆದಿದ್ದಳು, ಕೇಳಿಸದ ಜಾಗ ಖಾಲಿ ಬಿಟ್ಟಿದ್ದಳು. ಹಾಳೆಯ ತುಂಬ ಖಾಲಿ ಜಾಗ. ಪ್ರತಿಯೊಂದನ್ನೂ ಮಾಡಿದವಳು ನಾನು. ನನ್ನ ಕೈ ಚಿಲಕದ ಮೇಲೇ ನಿಂತಿತು.

ದೊಡ್ಡ ಮೇಡಂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಏನು ನೋಡ್ತಾ ನಿಂತೆ, ಮುಚ್ಚು ಎಂದರು.

ನಾನು ತಿರುಗಿದೆ. ಹತ್ತೊಂಬತ್ತು ವರ್ಷದಲ್ಲಿ ತರಗತಿ ನಡೆಯುವಾಗ ಮಾತಾಡಿದವಳಲ್ಲ.

"ಮೇಷ್ಟ್ರೇ, ಹೊರಗೆ ಇಬ್ಬರಿಗೆ ಕೇಳಿಸ್ತಾ ಇಲ್ಲ" ಎಂದೆ. "ಜೋರಾಗಿ ಹೇಳಿ. ಆ ಹುಡುಗಿ ಅರವತ್ತಮೂರು ತೆಗೆದಿದ್ಲು. ಆ ಕಾಗದ ಸುಟ್ಟವಳು ನಾನು."

ಆಮೇಲೆ ಮುಚ್ಚಿದ್ದ ಐದು ಕಿಟಕಿಗಳನ್ನೂ ಒಂದೊಂದಾಗಿ ತೆರೆದೆ. ಮಕ್ಕಳು ಗಾಳಿಗೆ ಮುಖ ಒಡ್ಡಿದರು. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು.

ಮಧ್ಯಾಹ್ನದ ಗಂಟೆ ಹೊಡೆಯುವ ಮೊದಲೇ ನನ್ನನ್ನು ಕೆಲಸದಿಂದ ತೆಗೆದರು. ಬೀಗದ ಕೈ ಗೊಂಚಲು ಕಿತ್ತುಕೊಂಡರು. ನಾನು ಕಳ್ಳಿ ಎಂದು, ತಲೆ ಕೆಟ್ಟವಳು ಎಂದು ಬರೆದುಕೊಂಡು ಗುಮಾಸ್ತನ ಸಹಿ ಹಾಕಿಸಿದರು. ಆಸರೆ ಟೀಚರನ್ನೂ ಕರೆದು, ಅರವತ್ತಮೂರು ಎನ್ನುವುದು ನಿಜವಾ ಎಂದು ಎಲ್ಲರ ಮುಂದೆ ಕೇಳಿದರು. ನನಗೆ ಗೊತ್ತಿಲ್ಲ ಎಂದಳು. ನನ್ನ ಮುಖ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಬೀದಿಗೆ ಹೋದೆ. ತಂಗಿಯಿಂದ ಎರಡು ಮಾರು ದೂರದಲ್ಲಿ ಕೂತೆ. ಹತ್ತಿರ ಕೂರಲು ಧೈರ್ಯ ಬರಲಿಲ್ಲ. ಅವಳು ನನ್ನ ಕಡೆ ತಿರುಗಲಿಲ್ಲ. ಕಡ್ಡಿ ಪೆನ್ಸಿಲು ಹೆರೆಯುತ್ತಿದ್ದಳು.

ಒಳಗೆ ಹೊಸ ಆಯಾ ಬಂದಿದ್ದಳು. ಯಾರ ಮನೆಯವಳೋ. ಅವಳಿಗೂ ಹೊಟ್ಟೆಯಿದೆ. ಹೊರಗಿದ್ದವರ ಮುಖ ನೋಡದೆ ಒಂದೊಂದೇ ಕಿಟಕಿ ಎಳೆದು ಚಿಲಕ ಹಾಕಿದಳು. ಪಾಠ ಶುರುವಾಯಿತು. ಏನೂ ಕೇಳಿಸಲಿಲ್ಲ.

ನಾನು ಎದ್ದು ಹೋಗಿ ಕಿಟಕಿ ಬಡಿದೆ. ಸದ್ದು ಸರಿಯಾಗಿ ಬರಲಿಲ್ಲ.

"ಜೋರಾಗಿ ಬಡಿ" ಎಂದಳು ತಂಗಿ.